ಸ್ಟೆಪ್ನಿ ಜಾಗದಲ್ಲಿ ಪಾಯಸ

ನಮ್ಮ ಮನೆಯ ಪಾಯಸದ ತೋಪಿಗೆ ಗುಂಡಗಿನ ತಳ. ಮಂಗಳೂರಿನಲ್ಲಿ ಕೊಂಡಾಗ ಅದನ್ನು ಅಲುಗದಂತೆ ಕೂರಿಸಲು ಅಂಗಡಿಯವನು ಒಂದು ಕಬ್ಬಿಣದ ಬಳೆಯನ್ನೂ ಕೊಟ್ಟಿದ್ದ. ಮಸ್ಕತ್ತಿಗೆ ಬರುವಾಗ ಸಾಮಾನಿನ ತೂಕ ಹೆಚ್ಚಾಯಿತೆಂದು ಬಳೆಯನ್ನು ಊರಲ್ಲೇ ಬಿಟ್ಟೆವು. ಅಂದಿನಿಂದ ಆ ತೋಪು ಕಾರಿನಲ್ಲಿ ಒಂದು ಕಡೆ ನೆಟ್ಟಗೆ ಕೂತದ್ದಿಲ್ಲ. ಹೋದ ವರ್ಷ ಚೌತಿಗೆ ರೂವಿಯ ಗೆಳೆಯರ ಮನೆಗೆ ಸಾಂಬಾರು ಒಯ್ಯುವಾಗ ಮೊದಲನೇ ತಿರುವಿನಲ್ಲೇ ಮಗುಚಿಕೊಂಡಿತು. ದೀಪಾವಳಿಯವರೆಗೂ ಕಾರಿನಲ್ಲಿ ಇಂಗಿನ ವಾಸನೆ ಹೋಗಲಿಲ್ಲ.

ಹಾಗಾಗಿ ಆ ಶುಕ್ರವಾರ ಬೆಳಿಗ್ಗೆ ನನ್ನ ಗಂಡ ಬೋಜ ಒಂದು ಉಪಾಯ ಮಾಡಿದರು. ಅಲ್ ಹೈಲಿನ ನಮ್ಮ ಕಟ್ಟಡದ ಕೆಳಗೆ ಕಾರಿನ ಡಿಕ್ಕಿ ತೆರೆದು, ತಳದ ಹಲಗೆ ಎತ್ತಿ, ಸ್ಟೆಪ್ನಿ ಟಯರನ್ನು ಹೊರಗೆ ತೆಗೆದರು. ಟಯರ್ ಇದ್ದ ದುಂಡಗಿನ ಗುಂಡಿಯಲ್ಲಿ ಮೈ ಒರಸುವ ಹಳೆಯ ಬೈರಾಸು ಹಾಸಿ ತೋಪನ್ನು ಇಳಿಸಿದರು. ಅದು ಹೇಳಿ ಮಾಡಿಸಿದ ಹಾಗೆ ಕೂತಿತು. ಇವರು ಎರಡೂ ಕೈ ಸೊಂಟಕ್ಕಿಟ್ಟು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಲೆಕ್ಕ ಬರೆಯುವ ಕೆಲಸದಲ್ಲಿ ತಲೆ ನರೆತ ಮನುಷ್ಯ. ಕೈಯಿಂದ ಮಾಡಿದ ಕೆಲಸ ಸರಿಯಾದರೆ ಅವರಿಗೆ ಆಗುವ ಸಂತೋಷವೇ ಬೇರೆ.

"ಸ್ಟೆಪ್ನಿ ಎಲ್ಲಿಡ್ತೀರಿ?" ಎಂದೆ.

"ಮೆಟ್ಟಿಲಿನ ಅಡಿಯಲ್ಲಿ. ಸಂಜೆ ಬಂದು ಹಾಕಿದ್ರಾಯ್ತು. ಇಷ್ಟು ವರ್ಷ ಅದಕ್ಕೆ ಒಂದು ದಿನ ಆದ್ರೂ ಕೆಲಸ ಬಿದ್ದದ್ದುಂಟಾ?"

ಕೆಳಗಿನ ದಿನಸಿ ಅಂಗಡಿಯ ಮಹ್ರೂಫ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಬಂಟ್ವಾಳದ ಹುಡುಗ ಎಂದೇ ನಾನು ಹೇಳುವುದು, ಆದರೆ ಅವನಿಗೂ ಗಡ್ಡ ಬೆಳ್ಳಗಾಗತೊಡಗಿದೆ. ಹಿಂದಿನ ವಾರ ಊರಿಂದ ಬರುವಾಗ ತನ್ನ ಬಟ್ಟೆಗಳನ್ನು ಕಡಿಮೆ ಮಾಡಿಕೊಂಡು ನನಗಾಗಿ ಮೂಡೆ ಇಡ್ಲಿ ಕಟ್ಟುವ ಎಲೆಯ ಕಂತೆ ತಂದುಕೊಟ್ಟವನು ಅವನೇ.

"ಬೋಜಣ್ಣ, ಟಯರ್ ಬಿಟ್ಟು ಪಾಯಸ ತಗೊಂಡು ಹೋಗುದಾ?"

"ಪಾಯಸ ಚೆಲ್ಲಿದ್ರೆ ನಿನ್ನ ಅಕ್ಕ ನನ್ನನ್ನು ಮನೆಗೆ ಸೇರಿಸ್ತಾಳಾ? ಟಯರ್ ಹೋದ್ರೆ ದಾರಿಯಲ್ಲಿ ಹತ್ತು ಪಂಚರ್ ಅಂಗಡಿ ಉಂಟು."

"ಇವತ್ತು ಶುಕ್ರವಾರ ಮಾರಾಯ್ರೆ," ಎಂದ ಮಹ್ರೂಫ್. ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾವು ಹೊರಟದ್ದು ಬರ್ಕಾ, ಮುಸನ್ನಾ ದಾಟಿದ ಮೇಲೆ ಸಿಗುವ ಸುವೈಕಿಗೆ. ಅಲ್ಲಿ ಅಕ್ಷಯಾಳ ಬಯಕೆ. ಅವಳ ತಾಯಿ ಸುಗಂಧಿ ಕಾಲೇಜಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು. ನಮ್ಮ ಕಡೆ ಬಸುರಿಗೆ ಏಳನೇ ತಿಂಗಳಲ್ಲಿ ತಾಯಿಮನೆಯಿಂದ ಅಡುಗೆ ಮಾಡಿಕೊಂಡು ಹೋಗಿ, ಮಣೆಯ ಮೇಲೆ ಕೂರಿಸಿ, ಎಲೆ ಹಾಕಿ ಬಡಿಸುತ್ತೇವೆ. ಆ ದಿನ ಹುಡುಗಿಯ ಮೊದಲ ತುತ್ತು ತಾಯಿ ಬಡಿಸಿದ್ದೇ ಆಗಬೇಕು. ಸುಗಂಧಿ ಟಿಕೆಟ್ಟು ಕೂಡ ಮಾಡಿಸಿದ್ದಳು. ಹೊರಡುವ ಹೊತ್ತಿಗೆ ಬಸ್ಸಿನಿಂದ ಇಳಿಯುವಾಗ ಕಾಲು ಮುರಿದುಕೊಂಡು ಕಿನ್ನಿಗೋಳಿಯಲ್ಲೇ ಮಲಗಿದಳು. ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: "ದಮಯಂತಿ, ಎಲೆಗೆ ಮೊದಲು ಬಡಿಸುದು ನೀನೇ. ಬೇರೆ ಯಾರ ಕೈಯಲ್ಲೂ ಬಿಡ್ಬೇಡ."

ಅಕ್ಷಯಾಳಿಗೆ ಹಿಂದಿನ ಸಲ ಮಗು ಹೊಟ್ಟೆಯಲ್ಲಿ ಇಷ್ಟು ದಿನ ಉಳಿದಿರಲಿಲ್ಲ. ಅದಕ್ಕೇ ಈ ಸಲ ಒಂದು ಶಾಸ್ತ್ರವನ್ನೂ ಬಿಡುವುದಿಲ್ಲ ಎಂದು ಹಟ. ನಾನು ಹೋಗಿ ಬಡಿಸುವವರೆಗೆ ಬಾಯಿಗೆ ಅನ್ನ ಹಾಕುವುದಿಲ್ಲ ಎಂದಿದ್ದಳು. ರಾಹುಕಾಲ ಮುಗಿದ ಕೂಡಲೇ, ನಡುಹಗಲಿಗೆ ಎಲೆ ಹಾಕುವುದೆಂದು ಮಾತಾಗಿತ್ತು. ಏಳು ತಿಂಗಳ ಬಸುರಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ಹಸಿದು ಕೂರಿಸುವುದು ನನಗೆ ಬೇಡವಿತ್ತು.

ಡಿಕ್ಕಿಯಲ್ಲಿ ಪಾಯಸ, ಕೋಳಿ ಸುಕ್ಕ ಮತ್ತು ಮೂಡೆಯ ಡಬ್ಬಿ. ಹಿಂದಿನ ಸೀಟಿನಲ್ಲಿ ಹೂವು, ಬಳೆ, ಸೀರೆ, ತೆಂಗಿನಕಾಯಿ, ಚಕ್ಕುಲಿ, ಹಪ್ಪಳ. ಮಣೆಗೆ ಜಾಗ ಇರಲಿಲ್ಲ. ನಮ್ಮ ಮನೆಯ ಆ ಹಲಸಿನ ಮಣೆ ಮಸ್ಕತ್ತಿನ ಊರವರ ನಡುವೆ ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತದೆ. ಎಷ್ಟೋ ಮದುಮಗಳಂದಿರು, ಬಸುರಿಯರು ಅದರ ಮೇಲೆ ಕೂತಿದ್ದಾರೆ. ಅದನ್ನು ಕಾಲಡಿಗೆ ಇಡಲು ನನಗೆ ಮನಸ್ಸು ಬರಲಿಲ್ಲ. ಇವರು ಅದನ್ನೂ ಬಾಳೆಲೆಯ ಕಟ್ಟನ್ನೂ ಒಟ್ಟಿಗೆ ಸುತ್ತಿ, ಕಾರಿನ ಮೇಲಿನ ಕಂಬಿಗಳಿಗೆ ಹಗ್ಗ ಬಿಗಿದರು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹಗ್ಗ ಅದು. ಬಿಗಿದ ಮೇಲೆ ಒಮ್ಮೆ ಜಗ್ಗಿ ನೋಡಿ, "ಇನ್ನು ಕಾರು ಬಿದ್ರೂ ಇದು ಬೀಳುದಿಲ್ಲ," ಎಂದರು.

ಬರ್ಕಾ ದಾಟುವವರೆಗೆ ಪ್ರಯಾಣ ಹಿತವಾಗಿತ್ತು. ಚಳಿಗಾಲ ಮುಗಿಯುವ ದಿನಗಳು. ಕಿಟಕಿಯನ್ನು ಸ್ವಲ್ಪ ಇಳಿಸಿದರೆ ಸಮುದ್ರದ ಗಾಳಿ ಬರುತ್ತಿತ್ತು. ಒಂದು ಮೇಲ್ಸೇತುವೆ ಹತ್ತಿ ಇಳಿಯುವಾಗ ನಮ್ಮ ಮುಂದೆ ಒಂದು ಪಿಕಪ್ ಸೇರಿಕೊಂಡಿತು. ಅದರ ತುಂಬ ಸಾಮಾನು ಪೇರಿಸಿಡುವ ಮರದ ಪ್ಯಾಲೆಟ್ಟುಗಳು, ಒಂದರ ಮೇಲೊಂದು, ಡ್ರೈವರನ ತಲೆಗಿಂತ ಎರಡು ಪಟ್ಟು ಎತ್ತರಕ್ಕೆ. ಗಾಡಿ ಅಲ್ಲಾಡಿದಾಗಲೆಲ್ಲ ಅವೂ ತೂಗುತ್ತಿದ್ದವು.

ಇವರಿಗೆ ಅಷ್ಟು ಸಾಕಾಯಿತು.

"ನೋಡು, ನೋಡು. ಒಂದು ಹಗ್ಗ ಕಟ್ಟಿದ್ದಾನಾ? ಒಂದು ಬಲೆ ಮುಚ್ಚಿದ್ದಾನಾ? ಇವರಿಗೆಲ್ಲ ಲೈಸೆನ್ಸ್ ಕೊಟ್ಟದ್ದು ಯಾರು? ಹಿಂದಿನಿಂದ ಬರುವವರು ಮನುಷ್ಯರಲ್ವಾ?"

"ನೀವು ಸ್ವಲ್ಪ ಹಿಂದೆ ಉಳೀರಿ."

"ಹಿಂದೆ ಉಳಿಯುದು ಬೇರೆ ವಿಷಯ. ಸಾಮಾನು ಕಟ್ಟುದು ಒಂದು ಶಿಸ್ತು, ದಮಯಂತಿ. ಕಟ್ಟಿದ ಮೇಲೆ ಜಗ್ಗಿ ನೋಡ್ಬೇಕು. ಅರ್ಧ ದಾರಿಯಲ್ಲಿ ಇಳಿದು ಮತ್ತೊಮ್ಮೆ ನೋಡ್ಬೇಕು."

ಈ ಭಾಷಣ ನನಗೆ ಹೊಸತಲ್ಲ. ಬರ್ಕಾದಲ್ಲಿ ಶುರುವಾದರೆ ಮುಸನ್ನಾದವರೆಗೆ ಬರುತ್ತದೆ. ಆ ನಡುವೆ ಇನ್ನೊಂದು ಮೇಲ್ಸೇತುವೆಯ ಮೇಲೆ ಗಾಳಿ ಜೋರಾಗಿ ಹೊಡೆಯಿತು, ಮೇಲೆ ಏನೋ ಕಟಕಟ ಎಂದಿತು. ಇವರು ಅರ್ಧ ದಾರಿಯಲ್ಲಿ ಇಳಿದು ನೋಡುವ ವಿಷಯವನ್ನೇ ಹೇಳುತ್ತಿದ್ದರು, ಇಳಿದು ನೋಡಲಿಲ್ಲ. ಪಿಕಪ್ ಮುಂದೆ ಹೋಗಿ ಕಣ್ಮರೆಯಾಯಿತು. ಮುಸನ್ನಾ ಕಳೆದು ಸ್ವಲ್ಪ ದೂರದಲ್ಲಿ ರಸ್ತೆಯ ಮೇಲೆ ಮುರಿದ ಮರದ ಪಟ್ಟಿಗಳು ಚದುರಿ ಬಿದ್ದಿದ್ದವು. ಇವರು ಒಂದನ್ನು ತಪ್ಪಿಸಿದರು, ಎರಡನ್ನು ತಪ್ಪಿಸಿದರು. ಮೂರನೆಯದು ಟಕ್ಕೆಂದು ಸಿಕ್ಕಿತು. ಆಮೇಲೆ ಚಕ್ರ ಫಟಫಟ ಎನ್ನತೊಡಗಿತು, ಕಾರು ಬಲಕ್ಕೆ ಎಳೆಯತೊಡಗಿತು.

ರಸ್ತೆಯ ಅಂಚಿನಲ್ಲಿ ನಿಲ್ಲಿಸಿ ಇಳಿದೆವು. ಬಲಗಡೆಯ ಮುಂದಿನ ಟಯರಿನ ಪಕ್ಕೆ ಉದ್ದಕ್ಕೆ ಸೀಳಿತ್ತು. ಅದಕ್ಕೆ ಕಚ್ಚಿಕೊಂಡಿದ್ದ ಮರದ ತುಂಡಿನಲ್ಲಿ ಬೆರಳುದ್ದದ ಮೊಳೆಗಳು.

"ನಾನು ಹೇಳಿದ್ದೆ," ಎಂದರು ಇವರು. ಆಮೇಲೆ ಡಿಕ್ಕಿಯ ಕಡೆಗೆ ಹೊರಟರು. ಬಾಗಿಲು ಎತ್ತಿದರು. ಗುಂಡಿಯಲ್ಲಿ ತೋಪು ಒಂದು ಹನಿ ಚೆಲ್ಲದೆ ಕೂತಿತ್ತು. ಇವರು ಅದನ್ನೇ ನೋಡುತ್ತ ನಿಂತರು.

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಎಲ್ಲಿ ಸುಮ್ಮನಿರಬೇಕು ಎಂಬುದಾದರೂ ಗೊತ್ತಿರುತ್ತದೆ.

ಇವರು ಮಹ್ರೂಫನಿಗೆ ಫೋನು ಮಾಡಿದರು. ಸ್ಪೀಕರಿನಲ್ಲಿ ಇಟ್ಟದ್ದರಿಂದ ನನಗೂ ಕೇಳಿತು.

"ಬೆಳಿಗ್ಗೆ ನಾನು ಎಂತ ಹೇಳಿದೆ ಬೋಜಣ್ಣ?"

"ಈಗ ಅದನ್ನು ಹೇಳ್ಬೇಡ ಮಾರಾಯ."

"ಹೇಳುದಿಲ್ಲ. ನಿಮ್ಮ ಸ್ಟೆಪ್ನಿಯ ಮೇಲೆ ಈಗ ಅಂಗಡಿಯ ಬೆಕ್ಕು ಮಲಗಿದೆ. ಜುಮ್ಮಾ ನಮಾಜ್ ಮುಗಿದ ಕೂಡ್ಲೇ ಬೆಕ್ಕನ್ನು ಎಬ್ಬಿಸಿ, ಟಯರ್ ಹಾಕ್ಕೊಂಡು ಬರ್ತೇನೆ. ಅಲ್ಲಿ ಪಂಚರಿನವರೆಲ್ಲ ಈಗ ಬಾಗಿಲು ಹಾಕಿರ್ತಾರೆ, ಹುಡುಕ್ಲಿಕ್ಕೆ ಹೋಗ್ಬೇಡಿ. ಅಕ್ಕನನ್ನು ಬಿಸಿಲಲ್ಲಿ ನಿಲ್ಲಿಸ್ಬೇಡಿ."

ನಮಾಜು ಮುಗಿದು ಅವನು ಅಲ್ ಹೈಲಿನಿಂದ ಇಲ್ಲಿಗೆ ತಲುಪುವಾಗ ಊಟದ ಹೊತ್ತು ಎಷ್ಟೋ ದಾಟಿರುತ್ತದೆ. ಅಕ್ಷಯಾಳ ಗಂಡ ಲಕ್ಷಿತ್ ಬಂದು ಕರೆದುಕೊಂಡು ಹೋಗಬಹುದಿತ್ತು. ಆದರೆ ಆ ಹುಡುಗ ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೊಮ್ಮೆ ಫೇಲಾಗಿದ್ದ. ಫೋನಿನಲ್ಲಿ ಅವನ ದನಿ ಸಣ್ಣದಾಗಿತ್ತು. "ದೊಡ್ಡಮ್ಮ, ಅವಳು ಬೆಳಿಗ್ಗೆಯಿಂದ ಒಂದು ಲೋಟ ಹಾಲು ಮಾತ್ರ ಕುಡಿದದ್ದು. ಒಂದು ದೋಸೆ ತಿನ್ನು ಅಂದ್ರೆ ಕೇಳುದಿಲ್ಲ." ಹಿಂದಿನಿಂದ ಅಕ್ಷಯಾ ಹೇಳುವುದು ಕೇಳಿಸಿತು: "ನಂಗೇನೂ ಆಗಿಲ್ಲ. ದೊಡ್ಡಮ್ಮನಿಗೆ ಗಡಿಬಿಡಿ ಮಾಡ್ಬೇಡ ಹೇಳಿ." ಆ ದನಿಯಲ್ಲಿ ಹಸಿವು ಗೊತ್ತಾಗುತ್ತಿತ್ತು.

ಒಂದು ಟ್ಯಾಕ್ಸಿಗೆ ಕೈ ತೋರಿಸಿದೆವು. ನಿಂತಿತು, ಆದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಡ್ರೈವರ್ ನಮ್ಮ ಟಯರ್ ನೋಡಿ ತಲೆ ಅಲ್ಲಾಡಿಸಿ, ತನ್ನ ಕಾಲ ಬಳಿಯಿದ್ದ ತಣ್ಣೀರಿನ ಬಾಟಲಿಯನ್ನು ನನ್ನ ಕೈಗಿತ್ತು ಮುಂದೆ ಹೋದ. ಬಾಟಲಿಯ ಮುಚ್ಚಳ ಇನ್ನೂ ಬಿಚ್ಚಿರಲಿಲ್ಲ. ತನಗೆಂದು ಇಟ್ಟುಕೊಂಡದ್ದಿರಬೇಕು.

ಇವರು ನನ್ನನ್ನು ಕಾರಿನ ನೆರಳಿಗೆ ಕರೆದು, ಮತ್ತೆ ಆ ಪಿಕಪ್ಪಿನವನನ್ನು ಬೈಯತೊಡಗಿದರು. "ಅವನಿಗೆ ಎಂತ ಬಿದ್ದಿತು ಅಂತ ಗೊತ್ತೇ ಇರುದಿಲ್ಲ. ಆರಾಮ ಹೋಗಿ ಮನೆಯಲ್ಲಿ ಊಟ ಮಾಡ್ತಿರ್ತಾನೆ. ನನ್ನ ಕೈಗೆ ಸಿಕ್ಕಿದ್ರೆ ಹಗ್ಗ ಕಟ್ಟುದು ಹೇಗೆ ಅಂತ ಕಲಿಸ್ತಿದ್ದೆ."

ಆಗಲೇ ನಮ್ಮ ಹಿಂದೆ ಒಂದು ಬಿಳಿಯ ಪಿಕಪ್ ಬಂದು ನಿಂತಿತು. ಮುಂದೆ ಎರಡು, ಹಿಂದೆ ಎರಡು ಬಾಗಿಲಿನ ದೊಡ್ಡ ಗಾಡಿ. ಬಿಳಿಯ ದಿಶ್‌ದಾಶ ನಿಲುವಂಗಿ ತೊಟ್ಟು ಕಸೂತಿಯ ಟೊಪ್ಪಿ ಇಟ್ಟ ಒಮಾನಿ ಗೃಹಸ್ಥರೊಬ್ಬರು ಇಳಿದರು; ನಲವತ್ತರ ಆಸುಪಾಸಿನವರು. ಸಲಾಂ ಹೇಳಿ ಕೈಕುಲುಕಿ, ಹಿಂದಿನ ಬಾಗಿಲು ತೆರೆದು ಒಂದು ವಸ್ತು ಹೊರತೆಗೆದರು. ಮಗುವನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿ ಹಿಡಿದುಕೊಂಡು ಬಂದರು.

ಅದು ನಮ್ಮ ಮಣೆ.

"ಇದು ನಿಮ್ಮದಾ?" ಎಂದು ಹಿಂದಿಯಲ್ಲಿ ಕೇಳಿದರು.

ಇವರು ಮೆಲ್ಲಗೆ ತಲೆಯೆತ್ತಿ ಕಾರಿನ ಮೇಲೆ ನೋಡಿದರು. ಕಂಬಿಯಿಂದ ಹಗ್ಗದ ತುಂಡೊಂದು ನೇತಾಡುತ್ತಿತ್ತು. ಇಷ್ಟು ಹೊತ್ತು ನಾವಿಬ್ಬರೂ ಅದರ ಅಡಿಯಲ್ಲೇ ನಿಂತಿದ್ದೆವು.

ಸೇತುವೆಯ ಮೇಲೆ ಅದು ಹಾರಿ ಬೀಳುವುದನ್ನು ಅವರು ಹಿಂದಿನಿಂದ ನೋಡಿದ್ದರಂತೆ. ಗಾಡಿಯನ್ನು ಪಕ್ಕಕ್ಕೆ ಎಳೆದು ತಪ್ಪಿಸಿಕೊಂಡು, ಮುಂದೆ ಹೋಗಿ ನಿಲ್ಲಿಸಿ, ಬೇರೆ ಯಾರಿಗೂ ತಾಗದಿರಲಿ ಎಂದು ನಡೆದು ಹಿಂದೆ ಬಂದು ಹೆಕ್ಕಿದರಂತೆ. ಬಾಳೆಲೆಯ ಕಟ್ಟು ಮಾತ್ರ ಉಳಿಯಲಿಲ್ಲ. ಅದರ ಮೇಲೆ ಲಾರಿ ಹೋಯಿತು.

ಇವರ ಕಿವಿ ಕೆಂಪಾಯಿತು. ನನಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಹಿಡಿದರೂ ಹೊರಗೆ ಬಂತು.

"ನಗು, ನಗು," ಎಂದರು ಇವರು ನನಗೆ. ಆ ಗೃಹಸ್ಥರತ್ತ ತಿರುಗಿ, "ತಪ್ಪಾಯಿತು ಸಾಹೇಬರೇ. ನಿಮ್ಮ ಗಾಡಿಗೆ ಹೊಡೆದಿದ್ದರೆ ಏನು ಗತಿ?" ಎಂದರು.

ಅವರು ಹಗ್ಗದ ತುಂಡನ್ನು ಬೆರಳಲ್ಲಿ ಹಿಡಿದು ನೋಡಿದರು. "ಹಗ್ಗ ಹಳೆಯದು," ಎಂದರು. "ಗಂಟು ಗಟ್ಟಿಯಾಗಿದೆ. ನೋಡಿ, ಗಂಟು ಬಿಚ್ಚಿಲ್ಲ."

ಅವರ ಹೆಸರು ಖಲ್ಫಾನ್. ತಾಯಿಯನ್ನು ಬರ್ಕಾದಲ್ಲಿರುವ ತಂಗಿಯ ಮನೆಯಿಂದ ಕರೆದುಕೊಂಡು ಸುವೈಕಿನ ತಮ್ಮ ಮನೆಗೆ ಹೊರಟಿದ್ದರು. ನಮಾಜಿಗೆ ಹೊತ್ತಾಗುತ್ತಿತ್ತು ಎಂದು ಅವರು ಗಡಿಯಾರ ನೋಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆದರೂ ನಾವು ಎಲ್ಲಿಗೆ, ಯಾಕೆ ಹೊರಟದ್ದು ಎಂದು ಕೇಳಿದರು. ಇವರು ಹೇಳಿದ್ದನ್ನು ಅವರು ಅರಬ್ಬಿಯಲ್ಲಿ ಗಾಡಿಯ ಒಳಗೆ ಹೇಳಿದರು. ಮುಂದಿನ ಬಾಗಿಲು ತೆರೆದುಕೊಂಡಿತು. ಹಸಿರು ಹಳದಿ ಹೂಗಳ ಶಾಲು ಹೊದ್ದ, ನನ್ನದೇ ವಯಸ್ಸಿನ ಹೆಂಗಸೊಬ್ಬರು ಇಳಿದು ಬಂದರು. ನನ್ನ ಮುಖ ನೋಡಿ ಕೈಯಿಂದ ಹೊಟ್ಟೆಯ ಮೇಲೆ ಗುಂಡಗೆ ಗೆರೆ ಎಳೆದು, ಎಷ್ಟು ಎಂದು ಬೆರಳಲ್ಲಿ ಕೇಳಿದರು. ನಾನು ಏಳು ಬೆರಳು ತೋರಿಸಿದೆ. ತಿಂದಿದ್ದಾಳಾ ಎಂದು ಬಾಯಿಗೆ ಕೈ ಒಯ್ದು ಕೇಳಿದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಅವರು ಮಗನ ಕಡೆ ತಿರುಗಿ ಒಂದೇ ಮಾತು ಹೇಳಿದರು: "ಯಲ್ಲಾ." ಹೊರಡು ಎಂದರ್ಥ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಹೂವು ಬಳೆ ಸೀರೆ ಮುಂದಿನ ಸೀಟಿಗೆ, ಡಬ್ಬಿಗಳು ಕಾಲಡಿಗೆ. ತೋಪಿಗೆ ಮಾತ್ರ ಎಲ್ಲೂ ಜಾಗ ಸರಿಹೋಗಲಿಲ್ಲ. ಪಿಕಪ್ಪಿನ ಹಿಂದೆ ಇಟ್ಟರೆ ಉರುಳುತ್ತದೆ. ಕೊನೆಗೆ ಆ ತಾಯಿ ಮುಂದಿನ ಸೀಟು ಬಿಟ್ಟು ಹಿಂದೆ ನನ್ನ ಪಕ್ಕಕ್ಕೆ ಬಂದು ಕೂತರು. ತೋಪನ್ನು ನಮ್ಮಿಬ್ಬರ ನಡುವೆ ಇಟ್ಟು, ಒಂದು ಕಡೆಯ ಹಿಡಿ ನಾನು, ಇನ್ನೊಂದು ಕಡೆಯದು ಅವರು ಹಿಡಿದೆವು. ಮಣೆ ನನ್ನ ತೊಡೆಯ ಮೇಲೆ.

"ನೀವು?" ಎಂದೆ ಇವರಿಗೆ.

"ನಾನು ಟಯರಿಗೆ ಕಾಯ್ತೇನೆ. ನನಗೆ ಇಲ್ಲಿ ಕೆಲಸವೂ ಉಂಟು." ರಸ್ತೆಯ ಮೇಲೆ ಬಿದ್ದ ಪಟ್ಟಿಗಳ ಕಡೆ ನೋಡಿ ಹೇಳಿದರು. "ನಾಲ್ಕು ಮೂಡೆ ಇಟ್ಟು ಹೋಗು. ಸುಕ್ಕ ಸ್ವಲ್ಪ."

"ಗಾಡಿ ಬರುವಾಗ ರಸ್ತೆಗೆ ಇಳೀಬೇಡಿ."

"ಗೊತ್ತುಂಟು ಮಾರಾಯ್ತಿ. ನೀನು ಹೋಗು, ಹುಡುಗಿ ಹಸಿದಿದೆ."

ದಾರಿಯಲ್ಲಿ ಆ ತಾಯಿಯ ಹೆಸರು ಶಮ್ಸಾ ಎಂದು ತಿಳಿಯಿತು. ಅವರಿಗೆ ಹಿಂದಿ ಬರುವುದಿಲ್ಲ, ನನಗೆ ಅಂಗಡಿಯಲ್ಲಿ ಬೇಕಾಗುವಷ್ಟೇ ಅರಬ್ಬಿ. ಖಲ್ಫಾನ್ ಅಲ್ಲಿಂದಿಲ್ಲಿಗೆ ಮಾತು ದಾಟಿಸುತ್ತ ಗಾಡಿ ಓಡಿಸಿದರು.

"ನಿಮ್ಮ ಮಣೆ ಬಿದ್ದಾಗ ನಾನು ನಿಲ್ಲಿಸುತ್ತಿರಲಿಲ್ಲ," ಎಂದರು ಅವರು. "ಪಕ್ಕಕ್ಕೆ ತಪ್ಪಿಸಿದೆ, ಖಲಾಸ್, ಹೋಗೋಣ ಅಂದುಕೊಂಡೆ. ಅಮ್ಮ ಬಿಡಲಿಲ್ಲ. ಯಾರೋ ಕೂರುವ ವಸ್ತು ಅದು, ರಸ್ತೆಯಲ್ಲಿ ಬಿಡಬೇಡ ಅಂದರು."

ನಾನು ಶಮ್ಸಾ ಅವರ ಕೈ ಮುಟ್ಟಿದೆ. ಅವರು ತೋಪಿನ ಮುಚ್ಚಳದ ಅಂಚಿನಿಂದ ಬರುತ್ತಿದ್ದ ಏಲಕ್ಕಿಯ ವಾಸನೆ ಹಿಡಿದು, ಏನಿದು ಎಂದು ಹುಬ್ಬು ಹಾರಿಸಿದರು. "ಹೆಲ್ವಾ," ಎಂದೆ, ಸಿಹಿ ಎಂಬ ಅರ್ಥದಲ್ಲಿ. ಅವರಿಗೆ ಸಮಾಧಾನವಾಯಿತು.

ಬಾಳೆಲೆ ಹೋದದ್ದು ಸುವೈಕ್ ಹತ್ತಿರ ಬಂದಾಗ ನನಗೆ ಮತ್ತೆ ನೆನಪಾಯಿತು. ತಟ್ಟೆಯಲ್ಲಿ ಬಯಕೆ ಬಡಿಸಿದರೆ ಸುಗಂಧಿ ಫೋನಿನಿಂದಲೇ ಎದ್ದು ಬಂದಾಳು. ಹೇಳಲೋ ಬೇಡವೋ ಎಂದು ಸ್ವಲ್ಪ ಅನುಮಾನಿಸಿ, ಕೊನೆಗೆ ಹೇಳಿದೆ. ಖಲ್ಫಾನ್ ನಕ್ಕರು. ಅವರ ತೋಟ ಅದೇ ದಾರಿಯಲ್ಲಿತ್ತು. ಖರ್ಜೂರದ ಮರಗಳ ನಡುವೆ ಬಾಳೆ.

ಗಾಡಿ ತೋಟದ ಗೇಟಿನ ಬಳಿ ನಿಂತಿತು. ಅವರು ಕತ್ತಿ ತಂದು ದೊಡ್ಡದೊಂದು ಎಲೆಯನ್ನು ತುದಿ ಕತ್ತರಿಸಿ ಬಿಸಾಡಿ, ನಡುವಿನ ಭಾಗವನ್ನು ನೀಟಾಗಿ ತುಂಡು ಮಾಡತೊಡಗಿದರು. ನಾನು ಕಿಟಕಿಯಿಂದ ತಲೆ ಹೊರಹಾಕಿ, "ಆ ತುದಿಯೇ ಬೇಕು," ಎಂದೆ. ಅವರು ಕೈಯಲ್ಲಿದ್ದ ಎಲೆಯನ್ನೂ ನೆಲದ ಮೇಲಿದ್ದ ತುದಿಯನ್ನೂ ನೋಡಿದರು. ಶಮ್ಸಾ ಏನೋ ಹೇಳಿದರು, ಇಬ್ಬರೂ ನಕ್ಕರು.

"ಅಮ್ಮ ಹೇಳುತ್ತಾರೆ, ನಮ್ಮ ಆಡುಗಳೂ ತುದಿಯೇ ಬೇಕು ಎನ್ನುತ್ತವಂತೆ."

"ಆಡುಗಳಿಗೆ ಒಳ್ಳೆಯದು ಯಾವುದೆಂದು ಗೊತ್ತಿದೆ ಎಂದು ಹೇಳಿ," ಎಂದೆ.

ತುದಿಯಿರುವ ಎಲೆಗಳನ್ನು ಆರಿಸಿ ಒಂದು ಹೊರೆ ತಂದರು. ಜೊತೆಗೆ ಒಂದು ಚೀಲ ನಿಂಬೆಹಣ್ಣು. ಅದನ್ನು ಯಾರೂ ಕೇಳಿರಲಿಲ್ಲ.

ಲಕ್ಷಿತ್ ರಸ್ತೆಯ ತುದಿಯಲ್ಲೇ ಕಾಯುತ್ತಿದ್ದ. ಮನೆಯಲ್ಲಿ ಅಕ್ಷಯಾ ಹಸಿರು ಸೀರೆ ಉಟ್ಟು, ಕುರ್ಚಿಯ ಮೇಲೆ ಕಾಲು ನೀಡಿ ಕೂತಿದ್ದಳು. ಮುಖ ಬಾಡಿತ್ತು. ಪಕ್ಕದ ಮನೆಯ ಜೊವಿಟಾ ಅವಳ ಜಡೆಗೆ ಹೂವಿಗೆಂದು ಜಾಗ ಬಿಟ್ಟು ಹೆಣೆದಿದ್ದಳು.

"ಬಂದ್ರಲ್ಲ," ಎಂದಳು ಜೊವಿಟಾ. "ಇವಳಿಗೆ ಆ ಒಂದು ಲೋಟ ಹಾಲು ಕುಡಿಸ್ಲಿಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು."

ಖಲ್ಫಾನ್ ತೋಪನ್ನು ಒಳಗೆ ಇಟ್ಟವರೇ ಮಸೀದಿಗೆ ಹೊರಟರು. ಹೋಗುವಾಗ ತಾಯಿಯನ್ನು ನೋಡಿದರು. ಅವರು ಆಗಲೇ ಚಪ್ಪಲಿ ಬಿಟ್ಟು ಒಳಗೆ ಬಂದು ಅಕ್ಷಯಾಳ ಹಣೆಯ ಮೇಲೆ ಕೈಯಿಟ್ಟಿದ್ದರು. "ನಮಾಜಾದ ಮೇಲೆ ಕರೆದುಕೊಂಡು ಹೋಗುತ್ತೇನೆ," ಎಂದರು ನನಗೆ, ಕೇಳುವ ದನಿಯಲ್ಲಿ.

"ಊಟಕ್ಕೆ ಬನ್ನಿ," ಎಂದೆ.

ಕೋಣೆಯ ನಡುವೆ ಮಣೆ ಹಾಕಿ ರಂಗೋಲಿ ಎಳೆದೆವು. ಮಣೆಯ ಒಂದು ಮೂಲೆ ಕಿತ್ತುಹೋಗಿತ್ತು.

"ಇದಕ್ಕೆ ಎಂತ ಆಯ್ತು ದೊಡ್ಡಮ್ಮ?"

"ದೊಡ್ಡಪ್ಪ ಬಂದ ಮೇಲೆ ಕೇಳು. ಅವರಿಗೆ ಸಾಮಾನು ಕಟ್ಟುವ ವಿಷಯದಲ್ಲಿ ತುಂಬ ಹೇಳ್ಲಿಕ್ಕುಂಟು."

ಜೊವಿಟಾ ಹೂ ಮುಡಿಸಿದಳು, ನಾನು ಬಳೆ ತೊಡಿಸಿದೆ. ಶಮ್ಸಾ ಗೋಡೆಗೆ ಒರಗಿ ನೆಲದ ಮೇಲೆ ಕೂತು ಎಲ್ಲವನ್ನೂ ನೋಡಿದರು. ತಾನೂ ಇದನ್ನು ಬೇರೆ ತರದಲ್ಲಿ ಮಾಡಿದ್ದೇನೆ ಎಂಬಂತೆ ಆಗಾಗ ತಲೆಯಾಡಿಸಿದರು. ಅಕ್ಕಿಯ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಸುಗಂಧಿ ಕಾಣಿಸಿದಳು. ಅವಳು ಮೊದಲು ನೋಡಿದ್ದು ಎಲೆಯನ್ನು.

"ಎಲೆ ಒಳ್ಳೇದುಂಟು. ಎಲ್ಲಿ ಸಿಕ್ಕಿತು?"

"ಆಮೇಲೆ ಹೇಳ್ತೇನೆ."

ಎಲೆಯ ತುದಿಯಲ್ಲಿ ಪಾಯಸ ಬಡಿಸಿದೆ. ಒಂದು ಮಿಳ್ಳೆ, ಅವಳ ತಾಯಿಯ ಹೆಸರು ಹೇಳಿ. ಅಕ್ಷಯಾ ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟು ಕಣ್ಣು ಮುಚ್ಚಿದಳು. ಫೋನಿನಲ್ಲಿ ಸುಗಂಧಿ ಕನ್ನಡಕ ತೆಗೆದು ಒರಸಿಕೊಂಡಳು. ಆಮೇಲೆ ಅಕ್ಷಯಾ, "ದೊಡ್ಡಮ್ಮ, ಮೂಡೆ," ಎಂದಳು, ಚಿಕ್ಕ ಮಗುವಿನ ಹಾಗೆ, ಮತ್ತು ನಾವೆಲ್ಲ ನಕ್ಕೆವು.

"ಅಲ್ಲಿ ಗೋಡೆ ಹತ್ರ ಕೂತದ್ದು ಯಾರು ದಮಯಂತಿ?" ಎಂದು ಸುಗಂಧಿ ಕೇಳಿದಳು.

"ಮಣೆ ತಂದವರು."

"ನಮ್ಮ ಮಣೆಯನ್ನು ಅವರು ಯಾಕೆ ತಂದದ್ದು?"

ಹೇಳಿದೆ. ರಸ್ತೆ, ಮೊಳೆ, ಸ್ಟೆಪ್ನಿ, ಹಗ್ಗ, ಎಲೆ. ಸುಗಂಧಿ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು. ಬೋಜ ರಸ್ತೆಯ ಬದಿಯಲ್ಲಿ ಒಬ್ಬರೇ ಕೂತಿದ್ದಾರೆ ಎನ್ನುವಾಗ ನಕ್ಕದ್ದು ನನಗೆ ಸ್ಪಷ್ಟವಾಗಿ ಕಾಣಿಸಿತು. ಆಮೇಲೆ, "ಹಾಗಾದ್ರೆ ಎರಡನೇದು ಅವರು ಬಡಿಸ್ಲಿ," ಎಂದಳು.

ಬೇರೆ ಯಾರ ಕೈಯಲ್ಲೂ ಬಿಡಬೇಡ ಎಂದಿದ್ದವಳು ಅವಳು.

ನಾನು ಶಮ್ಸಾ ಅವರನ್ನು ಕರೆದು ಮೂಡೆಯ ಡಬ್ಬಿ ಕೊಟ್ಟೆ. ಎಲೆಯ ಕೊಳವೆಯಲ್ಲಿ ಬೆಂದ ಇಡ್ಲಿಯನ್ನು ಅವರು ಹಿಂದೆ ನೋಡಿದಂತಿರಲಿಲ್ಲ. ತಿರುಗಿಸಿ ನೋಡಿ, ಎಲೆಯ ತುದಿ ಹುಡುಕಿ, "ಬಿಸ್ಮಿಲ್ಲಾ" ಎನ್ನುತ್ತ ಒಂದೊಂದೇ ಸುತ್ತು ಬಿಚ್ಚಿದರು. ಅವಸರವಿಲ್ಲದೆ, ಮಗುವಿನ ಬಟ್ಟೆ ಬಿಚ್ಚುವಂತೆ. ಬೆಳ್ಳಗಿನ ಮೂಡೆಯನ್ನು ಎಲೆಯ ಮೇಲಿಟ್ಟು, ಅದು ಉರುಳದಂತೆ ಚಕ್ಕುಲಿಯೊಂದನ್ನು ಆಸರೆ ಕೊಟ್ಟರು. ಅಕ್ಷಯಾ ಅದನ್ನೂ ಇನ್ನೆರಡನ್ನೂ ಸುಕ್ಕದ ಜೊತೆ ಮುಗಿಸಿದ ಮೇಲೆಯೇ ತಲೆಯೆತ್ತಿದಳು. ಕೆನ್ನೆಗೆ ಬಣ್ಣ ಬಂದಿತ್ತು.

ಕೋಳಿ ಮಹ್ರೂಫ್ ತಂದುಕೊಟ್ಟದ್ದು, ಹಲಾಲ್ ಎಂದು ಹೇಳಿ ಶಮ್ಸಾ ಅವರಿಗೂ ಎಲೆ ಹಾಕಿದೆವು. ನಮಾಜು ಮುಗಿಸಿ ಬಂದ ಖಲ್ಫಾನರಿಗೂ. ಎಲೆಯ ಮುಂದೆ ಕೂತ ಅವರು, "ಆಡುಗಳಿಗೆ ಹೇಳಬೇಡಿ," ಎಂದು ತಾಯಿಗೆ ಹಿಂದಿಯಲ್ಲಿ ಹೇಳಿ, ಆಮೇಲೆ ತಪ್ಪು ತಿಳಿದು ಅರಬ್ಬಿಯಲ್ಲಿ ಹೇಳಿದರು.

ತಾಯಿ ಮಗ ಹೊರಟು ಎಷ್ಟೋ ಹೊತ್ತಾದ ಮೇಲೆ ಕೆಳಗೆ ಹಾರ್ನ್ ಕೇಳಿಸಿತು. ಇವರು ಮತ್ತು ಮಹ್ರೂಫ್ ಮೆಟ್ಟಿಲು ಹತ್ತಿ ಬಂದರು. ಇವರ ಮೂಗು ಬಿಸಿಲಿಗೆ ಸುಟ್ಟಿತ್ತು, ಅಂಗಿಯ ಮೊಣಕೈಗೆ ಮಣ್ಣು, ಮುಖದಲ್ಲಿ ಮಾತ್ರ ಹಬ್ಬ. ರಸ್ತೆಯ ಪಟ್ಟಿಗಳನ್ನೆಲ್ಲ ಹೆಕ್ಕಿ ಒಂದು ಕಡೆ ರಾಶಿ ಹಾಕಿದರಂತೆ. ಆಡು ಮೇಯಿಸುವವನೊಬ್ಬ ಬಂದು ಒಲೆಗಾಯಿತೆಂದು ಒಯ್ದನಂತೆ. ಉದುರಿದ ಮೊಳೆಗಳನ್ನು ನಾನು ಮೂಡೆ ಇಟ್ಟುಕೊಟ್ಟ ಡಬ್ಬಿಯಲ್ಲಿ ತುಂಬಿಸಿ ತಂದಿದ್ದರು.

"ಅಕ್ಕ, ಇವರು ನನ್ನನ್ನು ಕಂಡ ಕೂಡ್ಲೇ ಎಂತ ಹೇಳಿದ್ರು ಗೊತ್ತುಂಟಾ?" ಎಂದ ಮಹ್ರೂಫ್, ಎಲೆಯ ಮುಂದೆ ಕೂರುತ್ತ. "ಟಯರ್ ತಂದದ್ದಕ್ಕೆ ಒಂದು ಥ್ಯಾಂಕ್ಸ್ ಇಲ್ಲ. 'ಗಂಟು ಬಿಚ್ಚಿರ್ಲಿಲ್ಲ ಮಾರಾಯ, ಹಗ್ಗ ಹಳೇದು' ಅಂದ್ರು. ನನಗೆ ತಲೆ ಬುಡ ಗೊತ್ತಾಗ್ಲಿಲ್ಲ."

"ನಿಜವೇ ಅಲ್ವಾ," ಎಂದರು ಇವರು. "ಬೇಕಾದ್ರೆ ಆ ಖಲ್ಫಾನರನ್ನು ಕೇಳು."

"ದೊಡ್ಡಪ್ಪ, ಮಣೆಯ ಮೂಲೆ ಎಲ್ಲಿ ಹೋಯ್ತು?" ಎಂದು ಅಕ್ಷಯಾ ಕೇಳಿದಳು.

ಇವರು ಪಾಯಸದ ಕಡೆಗೆ ಕೈ ಚಾಚಿದರು. "ಮೊದಲು ಉಣ್ಣುವಾ," ಎಂದರು.

ಸಂಜೆ ಹೊರಡುವಾಗ ಸ್ಟೆಪ್ನಿ ಚಕ್ರದ ಜಾಗದಲ್ಲಿತ್ತು, ಸೀಳಿದ ಟಯರ್ ಗುಂಡಿಯಲ್ಲಿತ್ತು. ಮಣೆಯನ್ನು ಇವರು ಕಾರಿನ ಒಳಗೆ, ಹಿಂದಿನ ಸೀಟಿನ ಮೇಲೆ ಮಲಗಿಸಿ ಬೆಲ್ಟು ಹಾಕಿದರು. ತೋಪಿಗೆ ಮತ್ತೆ ಜಾಗವಿರಲಿಲ್ಲ. ಅದು ಖಾಲಿಯೂ ಇರಲಿಲ್ಲ. ಶಮ್ಸಾ ಹೋಗುವ ಮೊದಲು ಆ ಚೀಲದ ನಿಂಬೆಹಣ್ಣನ್ನು, ಉಳಿದ ಪಾಯಸ ಬೇರೆ ಪಾತ್ರೆಗೆ ಹಾಕಿ ನಾವು ತೊಳೆದಿಟ್ಟ ತೋಪಿಗೆ ಸುರಿದು ಮುಚ್ಚಳ ಹಾಕಿದ್ದರು.

ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತೆ. ಮುಸನ್ನಾದ ಹತ್ತಿರ ಇವರು ಕಾರು ನಿಲ್ಲಿಸಿದರು.

"ಎಂತ ಆಯ್ತು?"

"ಅರ್ಧ ದಾರಿ," ಎಂದರು. ಇಳಿದು ಮಣೆಯ ಬೆಲ್ಟನ್ನು ಒಮ್ಮೆ ಜಗ್ಗಿ ನೋಡಿದರು. ಹಿಂದಿನಿಂದ ಮಹ್ರೂಫನ ಗಾಡಿ ನಿಧಾನಿಸಿ ಎರಡು ಸಲ ಹಾರ್ನ್ ಹಾಕಿತು.